ಸ್ವವಿಷವಾದದ ಉದಯ ಮತ್ತು ಅಸ್ತ : ದೊಡ್ಡ ಕರುಳಿನ ಶೋಧನೆಯ ಇತಿಹಾಸದಲ್ಲಿ ಒಂದು ಅಧ್ಯಾಯ

೧

ರಾಜ್ಯಗಳ ಏಳುಬೀಳುಗಳಿಗೆ ಇತಿಹಾಸವಿರುವಂತೆ ನಂಬಿಕೆಗಳ ಏಳುಬೀಳುಗಳಿಗೂ ಇತಿಹಾಸವುಂಟು. ರಾಜ್ಯವೊಂದು ಅಳಿದರೆ ಅದರ ಕೋಟೆಕೊತ್ತಲಗಳು ಪಾಳುಬಿದ್ದು ಸಾಕ್ಷ್ಯ ನುಡಿಯುತ್ತವೆ. ನಂಬಿಕೆಯೊಂದು ಶಾಸ್ತ್ರಜ್ಞರ ಮಂಡಲದಲ್ಲಿ ಅಳಿದರೂ ಜನಸಾಮಾನ್ಯರ ನಡುವೆ ಹೊಸ ವೇಷ ತೊಟ್ಟು ಬಾಳುವುದುಂಟು. ಅಂತಹ ನಂಬಿಕೆಗಳಲ್ಲಿ ಒಂದನ್ನು ಈ ಪ್ರಬಂಧದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ದೊಡ್ಡ ಕರುಳಿನಲ್ಲಿ ತಂಗಿದ ಮಲವು ಕೊಳೆತು ವಿಷವಾಗಿ, ಆ ವಿಷವು ರಕ್ತದಲ್ಲಿ ಸೇರಿ, ತಲೆನೋವಿನಿಂದ ಮೊದಲುಗೊಂಡು ಮುಪ್ಪಿನವರೆಗೆ ಸಕಲ ವ್ಯಾಧಿಗಳಿಗೂ ಕಾರಣವಾಗುತ್ತದೆಂಬುದೇ ಆ ನಂಬಿಕೆ. ಪಾಶ್ಚಾತ್ಯ ವೈದ್ಯರು ಇದನ್ನು 'ಆಟೋ ಇಂಟಾಕ್ಸಿಕೇಷನ್' ಎಂದು ಕರೆದರು. ನಾವು ಇಲ್ಲಿ ಅದನ್ನು ಸ್ವವಿಷವಾದವೆಂದು ಕರೆಯುತ್ತೇವೆ.

ಇತಿಹಾಸದ ಅಧ್ಯಾಪಕರಾದ ನಮಗೆ ಕರುಳಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಉತ್ತರ ಸರಳವಾದುದು. ಈ ವಾದವು ಹುಟ್ಟಿದುದು ಮೂಢರ ಮನೆಯಲ್ಲಲ್ಲ, ವಿಶ್ವವಿದ್ಯಾನಿಲಯಗಳಲ್ಲಿ; ಇದನ್ನು ಬೆಳೆಸಿದವರಲ್ಲಿ ನೊಬೆಲ್ ಪಾರಿತೋಷಕ ಪಡೆದವನೊಬ್ಬನಿದ್ದನು; ಇದರ ಹೆಸರಿನಲ್ಲಿ ನೂರಾರು ಮಂದಿ ತಮ್ಮ ದೊಡ್ಡ ಕರುಳನ್ನೂ, ಅವರಲ್ಲಿ ಅನೇಕರು ಪ್ರಾಣವನ್ನೂ ಕಳೆದುಕೊಂಡರು. ವಿದ್ವತ್ತು ಹೇಗೆ ದಾರಿ ತಪ್ಪುತ್ತದೆ, ತಪ್ಪಿದ ದಾರಿಯಿಂದ ಹೇಗೆ ಹಿಂದಿರುಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ನಿದರ್ಶನ ಸಿಕ್ಕುವುದು ಕಷ್ಟ. ಇಂದಿಗೂ 'ಹೊಟ್ಟೆಯ ವಿಷವನ್ನು ತೊಳೆಯಿರಿ' ಎಂಬ ಜಾಹೀರಾತುಗಳು ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಬೀಳುತ್ತಿರುವುದರಿಂದ ಈ ವಿಚಾರವು ಕೇವಲ ಪುರಾತನ ಸಂಗತಿಯೂ ಅಲ್ಲ.

೨

ಉದರಶೋಧನೆಯ ಪದ್ಧತಿಯು ಅತ್ಯಂತ ಪ್ರಾಚೀನವಾದುದು. ಕ್ರಿ. ಪೂ. ಸುಮಾರು ೧೫೫೦ರದೆಂದು ನಿರ್ಣಯಿಸಲಾಗಿರುವ ಈಜಿಪ್ಟಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ವಿರೇಚನದ ಔಷಧಗಳೂ ಗುದದ್ವಾರದಿಂದ ಕೊಡುವ ದ್ರವಗಳೂ ಹಲವೆಡೆ ಉಕ್ತವಾಗಿವೆ. ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ತನ್ನ ಗ್ರಂಥದ ಎರಡನೆಯ ಸಂಪುಟದಲ್ಲಿ, ಈಜಿಪ್ಟಿನವರು ಪ್ರತಿ ತಿಂಗಳೂ ಮೂರು ದಿನಗಳ ಕಾಲ ವಮನದಿಂದಲೂ ಬಸ್ತಿಯಿಂದಲೂ ದೇಹವನ್ನು ಶೋಧಿಸಿಕೊಳ್ಳುತ್ತಾರೆಂದೂ, ಮನುಷ್ಯನಿಗೆ ಬರುವ ರೋಗಗಳೆಲ್ಲ ತಿಂದ ಆಹಾರದಿಂದಲೇ ಬರುತ್ತವೆಂದು ಅವರು ಭಾವಿಸುತ್ತಾರೆಂದೂ ತಿಳಿಸುತ್ತಾನೆ. ಗ್ರೀಕರಲ್ಲಿ ಹಿಪಾಕ್ರಟೀಸನ ಪಂಥದವರೂ, ಅನಂತರ ರೋಮಿನಲ್ಲಿ ನೆಲೆಸಿದ ಗೇಲನ್ನನೂ ದೇಹದ ದ್ರವಗಳ ಸಮತೋಲವೇ ಆರೋಗ್ಯವೆಂಬ ಸಿದ್ಧಾಂತವನ್ನು ಹಿಡಿದು, ಹೆಚ್ಚಾದ ದ್ರವವನ್ನು ಹೊರದೂಡಲು ಶೋಧನೆಯನ್ನು ಬಳಸಿದರು.

ನಮ್ಮ ದೇಶದ ಆಯುರ್ವೇದದಲ್ಲಿ ಬಸ್ತಿಕರ್ಮಕ್ಕೆ ಉನ್ನತವಾದ ಸ್ಥಾನವಿದೆ. ಚರಕಸಂಹಿತೆಯು ವಮನ, ವಿರೇಚನ, ನಿರೂಹ, ಅನುವಾಸನ, ಶಿರೋವಿರೇಚನ ಎಂಬ ಐದು ಕರ್ಮಗಳನ್ನು ಹೇಳುತ್ತದೆ. ಇವುಗಳಲ್ಲಿ ನಿರೂಹವು ಕಷಾಯಪ್ರಧಾನವಾದ ಬಸ್ತಿ, ಅನುವಾಸನವು ಸ್ನೇಹಪ್ರಧಾನವಾದ ಬಸ್ತಿ. ಪಶುಗಳ ಮೂತ್ರಕೋಶದಿಂದ ಮಾಡಿದ ಚೀಲವನ್ನು ಈ ಕಾರ್ಯಕ್ಕೆ ಉಪಯೋಗಿಸುತ್ತಿದ್ದುದರಿಂದಲೇ ಬಸ್ತಿಯೆಂಬ ಹೆಸರು ಬಂದಿತು. ಸಂಹಿತೆಯ ಸಿದ್ಧಿಸ್ಥಾನವು ಈ ಕರ್ಮಗಳ ವಿವರಣೆಗೇ ಬಹುಮಟ್ಟಿಗೆ ಮೀಸಲಾಗಿದೆ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸದಿದ್ದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಆಯುರ್ವೇದದ ಬಸ್ತಿಯು ಮುಖ್ಯವಾಗಿ ವಾತದೋಷದ ಶಮನಕ್ಕಾಗಿ ವಿಧಿಸಲ್ಪಟ್ಟುದು. ಪಕ್ವಾಶಯವು ವಾತದ ಸ್ಥಾನವೆಂಬ ತತ್ತ್ವದ ಮೇಲೆ ಅದು ನಿಂತಿದೆ. ಕೊಳೆಯನ್ನು ತೊಳೆಯುವುದೇ ಅದರ ಗುರಿಯಾಗಿದ್ದರೆ ಎಣ್ಣೆಯನ್ನು ಒಳಗೆ ನಿಲ್ಲಿಸುವ ಅನುವಾಸನಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅಲ್ಲದೆ ಯಾರಿಗೆ ಬಸ್ತಿಯನ್ನು ಕೊಡಬೇಕು, ಯಾರಿಗೆ ಕೊಡಬಾರದು, ತಪ್ಪಾಗಿ ಕೊಟ್ಟರೆ ಒದಗುವ ಆಪತ್ತುಗಳಾವುವು ಎಂಬುದನ್ನು ಸಂಹಿತೆಯು ಪಟ್ಟಿಮಾಡಿ ಹೇಳುತ್ತದೆ. ಹದಿನೈದನೆಯ ಶತಮಾನದ ಸುಮಾರಿನ ಹಠಯೋಗಪ್ರದೀಪಿಕೆಯಲ್ಲಿಯೂ ಧೌತಿ, ಬಸ್ತಿ ಮೊದಲಾದ ಷಟ್ಕರ್ಮಗಳು ಮೇದಸ್ಸು ಮತ್ತು ಕಫ ಅಧಿಕವಾದವರಿಗೆ ವಿಹಿತವಾಗಿವೆಯೇ ಹೊರತು ಎಲ್ಲರಿಗೂ ಅಲ್ಲ. ಎಲ್ಲರ ಕರುಳೂ ಎಲ್ಲ ಕಾಲದಲ್ಲೂ ವಿಷದ ಗುಂಡಿಯೆಂಬ ಭಾವನೆಯು ನಮ್ಮ ಪ್ರಾಚೀನರದಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಸೃಷ್ಟಿ.

೩

ಯೂರೋಪಿನಲ್ಲಿ ಹದಿನೇಳನೆಯ ಶತಮಾನವು ಬಸ್ತಿಯ ವೈಭವದ ಕಾಲವೆನ್ನಬಹುದು. ಡಚ್ ಅಂಗರಚನಾಶಾಸ್ತ್ರಜ್ಞನಾದ ರೆನಿಯರ್ ಡಿ ಗ್ರಾಫನು ೧೬೬೮ರಲ್ಲಿ ಇದನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಫ್ರೆಂಚ್ ನಾಟಕಕಾರ ಮೋಲಿಯೇರನು ೧೬೭೩ರಲ್ಲಿ ಆಡಿಸಿದ ತನ್ನ ಕೊನೆಯ ನಾಟಕದ ಆರಂಭದಲ್ಲಿಯೇ, ರೋಗಭ್ರಾಂತನಾದ ನಾಯಕನು ಬಸ್ತಿಗಳಿಗಾಗಿ ಔಷಧಗಾರನು ಕಳುಹಿಸಿದ ಲೆಕ್ಕಪಟ್ಟಿಯನ್ನು ಒಂದೊಂದಾಗಿ ಎಣಿಸುತ್ತ ಕುಳಿತಿರುತ್ತಾನೆ. ಪ್ಯಾರಿಸಿನ ಪ್ರೇಕ್ಷಕರು ಅದನ್ನು ಕಂಡು ನಕ್ಕರೆಂದರೆ ಆ ಲೆಕ್ಕಪಟ್ಟಿ ಅವರ ಮನೆಗಳಿಗೂ ಅಪರಿಚಿತವಾಗಿರಲಿಲ್ಲವೆಂದೇ ಅರ್ಥ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪರಿಸ್ಥಿತಿ ಬದಲಾಯಿತು. ಪಾಶ್ಚರ್ ಮತ್ತು ಕಾಕ್ ಅವರ ಸಂಶೋಧನೆಗಳು ಸೂಕ್ಷ್ಮಜೀವಿಗಳೇ ಅನೇಕ ರೋಗಗಳ ಕಾರಣವೆಂದು ಸಿದ್ಧಪಡಿಸಿದವು. ಕೊಳೆಯುವಿಕೆಯೂ ಸೂಕ್ಷ್ಮಜೀವಿಗಳ ಕಾರ್ಯವೆಂದು ಪಾಶ್ಚರನು ತೋರಿಸಿದ್ದನು. ಇಟಲಿಯ ರಸಾಯನಶಾಸ್ತ್ರಜ್ಞ ಸೆಲ್ಮಿಯು ೧೮೭೦ರ ದಶಕದಲ್ಲಿ ಕೊಳೆತ ಶವಗಳಿಂದ ದೊರೆಯುವ ಪದಾರ್ಥಗಳಿಗೆ 'ಟೋಮೇನ್' ಎಂದು ಹೆಸರಿಟ್ಟನು. ಜರ್ಮನಿಯ ಬ್ರೀಗರನು ೧೮೮೫ರಲ್ಲಿ ಅಂತಹ ಎರಡು ಪದಾರ್ಥಗಳನ್ನು ಬೇರ್ಪಡಿಸಿದನು. ಶವದಲ್ಲಿ ಕೊಳೆತದ್ದು ವಿಷವಾದರೆ ಜೀವಂತ ಮನುಷ್ಯನ ಕರುಳಿನಲ್ಲಿ ಕೊಳೆಯುವುದೂ ವಿಷವೇ ಆಗಬೇಕಲ್ಲವೆ? ತರ್ಕವು ಮೇಲುನೋಟಕ್ಕೆ ಅಭೇದ್ಯವಾಗಿ ಕಾಣಿಸಿತು.

ಈ ತರ್ಕಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವನು ಪ್ಯಾರಿಸಿನ ವೈದ್ಯಕೀಯ ವಿದ್ಯಾಲಯದ ಪ್ರಾಧ್ಯಾಪಕ ಶಾರ್ಲ್ ಬುಷಾರ್. ಅವನ ಉಪನ್ಯಾಸಗಳು ೧೮೮೭ರಲ್ಲಿ ಗ್ರಂಥವಾಗಿ ಹೊರಬಂದವು. ಮನುಷ್ಯದೇಹವು ವಿಷಗಳ ಉಗ್ರಾಣವೂ ಕಾರ್ಖಾನೆಯೂ ಆಗಿದೆಯೆಂಬುದು ಅವನ ಪ್ರತಿಪಾದನೆ. ಮೂತ್ರವನ್ನು ಮೊಲಗಳ ರಕ್ತನಾಳಕ್ಕೆ ಚುಚ್ಚಿ ಅದರ ವಿಷಪ್ರಮಾಣವನ್ನು ಅಳೆಯಲು ಅವನು ಯತ್ನಿಸಿದನು. ಆದರೆ ಬುಷಾರನ ಗ್ರಂಥದಲ್ಲಿ ಇನ್ನೊಂದು ಮುಖವೂ ಇದ್ದಿತು. ಯಕೃತ್ತು, ಮೂತ್ರಪಿಂಡಗಳು, ಚರ್ಮ ಮೊದಲಾದ ಅಂಗಗಳು ಈ ವಿಷಗಳಿಂದ ದೇಹವನ್ನು ಸದಾ ರಕ್ಷಿಸುತ್ತವೆಂದೂ ಅವನು ಬರೆದಿದ್ದನು. ಅವನ ಅನುಯಾಯಿಗಳು ಮೊದಲ ಮಾತನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟರು. ಸಿದ್ಧಾಂತಗಳ ಇತಿಹಾಸದಲ್ಲಿ ಇಂತಹ ಆಯ್ಕೆ ಅಪರೂಪವಲ್ಲ.

೪

ಈ ವಾದಕ್ಕೆ ಜಗದ್ವ್ಯಾಪಿಯಾದ ಕೀರ್ತಿಯನ್ನು ತಂದವನು ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ನೆಲೆಸಿದ ಎಲಿ ಮೆಚ್ನಿಕಾಫ್ (೧೮೪೫–೧೯೧೬). ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುತ್ತವೆಂಬ ಅವನ ಸಂಶೋಧನೆಗೆ ೧೯೦೮ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದು ನಿಜವಾದ, ಬಾಳುವ ಸಂಶೋಧನೆ. ಆದರೆ ಅದೇ ಮೆಚ್ನಿಕಾಫನು ೧೯೦೩ ಮತ್ತು ೧೯೦೭ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ, ದೊಡ್ಡ ಕರುಳು ಮನುಷ್ಯನಿಗೆ ಅನಾವಶ್ಯಕವಾದ ಅಂಗವೆಂದೂ, ಅಲ್ಲಿ ವಾಸಿಸುವ ಕೊಳೆಸುವ ಸೂಕ್ಷ್ಮಜೀವಿಗಳ ವಿಷದಿಂದಲೇ ಅಕಾಲ ವೃದ್ಧಾಪ್ಯವು ಬರುತ್ತದೆಂದೂ ವಾದಿಸಿದನು. ದೊಡ್ಡ ಕರುಳು ಚಿಕ್ಕದಾಗಿರುವ ಪಕ್ಷಿಗಳು ದೀರ್ಘಕಾಲ ಬದುಕುತ್ತವೆಂಬುದನ್ನು ಅವನು ಆಧಾರವಾಗಿ ತೋರಿಸಿದನು.

ಅವನು ಸೂಚಿಸಿದ ಪರಿಹಾರವು ಮಾತ್ರ ಸೌಮ್ಯವಾದುದು. ಬಲ್ಗೇರಿಯದ ಮೊಸರಿನಲ್ಲಿರುವ ಹುಳಿಕಾರಕ ಸೂಕ್ಷ್ಮಜೀವಿಯನ್ನು ಆ ದೇಶದ ಸ್ಟಾಮೆನ್ ಗ್ರಿಗೊರಾಫ್ ೧೯೦೫ರಲ್ಲಿ ವರ್ಣಿಸಿದ್ದನು. ಇಂತಹ ಜೀವಿಗಳನ್ನು ಆಹಾರದ ಮೂಲಕ ಕರುಳಿಗೆ ಕಳುಹಿಸಿದರೆ ಅಲ್ಲಿನ ಕೊಳೆಸುವ ಜೀವಿಗಳು ಅಡಗುವುವೆಂದು ಮೆಚ್ನಿಕಾಫನು ನಂಬಿ, ತಾನೂ ಪ್ರತಿದಿನ ಹುಳಿಹಾಲನ್ನು ಸೇವಿಸಿದನು. ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮ್ಮ ನಾಡಿನವರಿಗೆ ಇದು ವಿಚಿತ್ರವಾಗಿ ಕಾಣಲಾರದು. ಆದರೆ ಯೂರೋಪಿನ ನಗರಗಳಲ್ಲಿ ಮೊಸರು ಔಷಧವಾಗಿ ಮಾರಾಟವಾಗತೊಡಗಿತು. ಬಲ್ಗೇರಿಯದ ಆ ಜೀವಿಯು ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದು ಅಮೆರಿಕೆಯ ಯೇಲ್ ವಿಶ್ವವಿದ್ಯಾನಿಲಯದ ರೆಟ್ಗರ್ ಮತ್ತು ಚೆಪ್ಲಿನ್ ೧೯೨೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದರು. ಅಷ್ಟರೊಳಗೆ ಮೆಚ್ನಿಕಾಫನು ತೀರಿಕೊಂಡಿದ್ದನು. ಅವನ ಮಾತು ಮಾತ್ರ ಶಸ್ತ್ರವೈದ್ಯರ ಕೈಸೇರಿತ್ತು.

೫

ಲಂಡನ್ನಿನ ಗೈ ಆಸ್ಪತ್ರೆಯ ವಿಲಿಯಮ್ ಆರ್ಬತ್ನಾಟ್ ಲೇನ್ (೧೮೫೬–೧೯೪೩) ತನ್ನ ಕಾಲದ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನು. ಮುರಿದ ಮೂಳೆಗಳನ್ನು ಉಕ್ಕಿನ ಪಟ್ಟಿಗಳಿಂದ ಜೋಡಿಸುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಅವನೊಬ್ಬನು. ಗಾಯವನ್ನು ಕೈಯಿಂದ ಮುಟ್ಟದೆ ಉಪಕರಣಗಳಿಂದಲೇ ಶಸ್ತ್ರಕ್ರಿಯೆ ನಡೆಸುವ ಅವನ ನಿಷ್ಠುರ ಶುಚಿತ್ವದಿಂದ ಅನೇಕ ಜೀವಗಳು ಉಳಿದವು. ೧೯೧೩ರಲ್ಲಿ ಅವನಿಗೆ ಬ್ಯಾರನೆಟ್ ಪದವಿ ದೊರೆಯಿತು.

ಲೇನನು ಮೂಳೆಗಳನ್ನು ಕುರಿತು ಆಲೋಚಿಸುವಂತೆಯೇ ಕರುಳನ್ನು ಕುರಿತೂ ಆಲೋಚಿಸಿದನು. ಮನುಷ್ಯನು ನೆಟ್ಟಗೆ ನಿಲ್ಲುವುದರಿಂದ ಕರುಳು ಕೆಳಕ್ಕೆ ಜಗ್ಗಿ, ಅದನ್ನು ಎತ್ತಿಹಿಡಿಯಲು ಹೊಸ ಪೊರೆಗಳು ಬೆಳೆದು, ಆ ಪೊರೆಗಳಿಂದ ಕೊಳವೆಯಲ್ಲಿ ಮುದುರುಗಳುಂಟಾಗಿ, ಮಲವು ತಂಗುತ್ತದೆಂದು ಅವನು ಊಹಿಸಿದನು. ನಗರದ ಚರಂಡಿ ಕಟ್ಟಿಕೊಂಡಂತೆ ದೇಹದ ಚರಂಡಿಯೂ ಕಟ್ಟಿಕೊಳ್ಳುತ್ತದೆಂಬುದು ಅವನ ದೃಷ್ಟಿ. ಹತ್ತೊಂಬತ್ತನೆಯ ಶತಮಾನವು ಯೂರೋಪಿನ ನಗರಗಳಲ್ಲಿ ಒಳಚರಂಡಿಗಳನ್ನು ಕಟ್ಟಿ ಕಾಲರಾವನ್ನು ಗೆದ್ದ ಕಾಲವೆಂಬುದನ್ನು ನೆನೆದರೆ, ಈ ಉಪಮಾನವು ಆ ಜನರ ಮನಸ್ಸನ್ನು ಏಕೆ ಹಿಡಿಯಿತೆಂಬುದು ಸ್ಪಷ್ಟವಾಗುತ್ತದೆ. ಮೊದಲು ಲೇನನು ದೊಡ್ಡ ಕರುಳನ್ನು ಬದಿಗಿಟ್ಟು ಸಣ್ಣ ಕರುಳನ್ನು ನೇರವಾಗಿ ಕೆಳಭಾಗಕ್ಕೆ ಜೋಡಿಸಿದನು. ಅನಂತರ ದೊಡ್ಡ ಕರುಳನ್ನೇ ತೆಗೆದುಹಾಕತೊಡಗಿದನು. ಅವನ ರೋಗಿಗಳಲ್ಲಿ ಸ್ತ್ರೀಯರೇ ಹೆಚ್ಚು. ರೋಗಾಣುನಾಶಕ ಔಷಧಗಳಿನ್ನೂ ಬಾರದಿದ್ದ ಕಾಲದಲ್ಲಿ ಇದು ಪ್ರಾಣದ ಮೇಲಿನ ಪಂದ್ಯವೇ ಆಗಿದ್ದಿತು.

ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ೧೯೧೩ರಲ್ಲಿ ಈ ವಿಷಯವನ್ನು ಕುರಿತು ದೀರ್ಘವಾದ ಚರ್ಚೆಯನ್ನೇರ್ಪಡಿಸಿತು. ಸಮರ್ಥಕರೂ ವಿರೋಧಕರೂ ಮಾತನಾಡಿದರು. ಆದರೆ ಕರುಳಿನ ವಿಷವೆಂದರೆ ನಿರ್ದಿಷ್ಟವಾಗಿ ಯಾವ ಪದಾರ್ಥವೆಂಬ ಪ್ರಶ್ನೆಗೆ ಒಪ್ಪಿತವಾದ ಉತ್ತರ ದೊರೆಯಲಿಲ್ಲ. ಇದಕ್ಕೆ ಮುಂಚೆಯೇ, ೧೯೦೬ರಲ್ಲಿ, ಬರ್ನಾರ್ಡ್ ಷಾ ತನ್ನ ನಾಟಕವೊಂದರಲ್ಲಿ ಎಲ್ಲ ರೋಗಕ್ಕೂ ರಕ್ತದ ವಿಷವೇ ಕಾರಣವೆಂದು ಹೇಳಿ ಎಲ್ಲರ ಹೊಟ್ಟೆಯಿಂದಲೂ ಒಂದು ಕಲ್ಪಿತ ಚೀಲವನ್ನು ಕತ್ತರಿಸುವ ಶಸ್ತ್ರವೈದ್ಯನನ್ನು ರಂಗಕ್ಕೆ ತಂದಿದ್ದನು. ಮೋಲಿಯೇರನ ಕಾಲದಂತೆ ಈ ಕಾಲದಲ್ಲಿಯೂ ನಾಟಕಕಾರನ ಸಂಶಯವು ವೈದ್ಯಸಭೆಯ ಸಂಶಯಕ್ಕಿಂತ ಮುಂದೆ ನಡೆದಿತ್ತು.

ಲೇನನು ಕೊನೆಗೆ ಶಸ್ತ್ರವನ್ನು ಬಿಟ್ಟು ಆಹಾರದ ಪ್ರಚಾರಕ್ಕೆ ತೊಡಗಿದನು. ತೌಡು ತೆಗೆಯದ ಗೋಧಿಯ ರೊಟ್ಟಿ, ಹಣ್ಣು, ತರಕಾರಿ, ಬಿಸಿಲು, ವ್ಯಾಯಾಮ ಇವುಗಳನ್ನು ಜನರಿಗೆ ಬೋಧಿಸಲು ಸಂಘವೊಂದನ್ನು ಸ್ಥಾಪಿಸಿದನು. ಸಾರ್ವಜನಿಕರಿಗಾಗಿ ಸ್ವತಂತ್ರವಾಗಿ ಬರೆಯಲೆಂದು ೧೯೩೩ರಲ್ಲಿ ವೈದ್ಯರ ದಾಖಲೆಯಿಂದ ತನ್ನ ಹೆಸರನ್ನೇ ತೆಗೆಸಿಕೊಂಡನು. ಅವನ ಸಿದ್ಧಾಂತವು ಸುಳ್ಳಾಗಿ ಅವನ ಪಥ್ಯವು ಬಹುಮಟ್ಟಿಗೆ ಸರಿಯಾಗಿ ಉಳಿದದ್ದು ಈ ಇತಿಹಾಸದ ಒಂದು ವೈಚಿತ್ರ್ಯ.

೬

ಅಟ್ಲಾಂಟಿಕ್ ಸಾಗರದ ಆಚೆ, ಮಿಷಿಗನ್ ಸಂಸ್ಥಾನದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದಲ್ಲಿ ಜಾನ್ ಹಾರ್ವೆ ಕೆಲಾಗ್ (೧೮೫೨–೧೯೪೩) ೧೮೭೬ರಿಂದ ಮುಖ್ಯವೈದ್ಯನಾಗಿದ್ದನು. ಸಸ್ಯಾಹಾರ, ತೌಡು, ಮೊಸರು, ನೀರಿನ ಎನಿಮಾ ಇವು ಅವನ ಚಿಕಿತ್ಸೆಯ ಅಂಗಗಳು. ಮೊಸರನ್ನು ಬಾಯಿಂದಲೂ ಎನಿಮಾದ ಮೂಲಕವೂ ಕೊಡುತ್ತಿದ್ದನು. ೧೯೧೫ ಮತ್ತು ೧೯೧೮ರಲ್ಲಿ ಕರುಳಿನ ಆರೋಗ್ಯವನ್ನೂ ಸ್ವವಿಷವನ್ನೂ ಕುರಿತು ಗ್ರಂಥಗಳನ್ನು ಬರೆದನು. ಇಂದು ಪ್ರಪಂಚದ ಮನೆಮನೆಗಳಲ್ಲಿ ಬೆಳಗಿನ ತಿಂಡಿಯಾಗಿರುವ ಮೆಕ್ಕೆಜೋಳದ ಚೂರುಗಳು ಈ ಆರೋಗ್ಯಧಾಮದ ಅಡುಗೆಮನೆಯಿಂದಲೇ ಹೊರಟವು. ನ್ಯೂಯಾರ್ಕಿನಲ್ಲಿ ಟಿರೆಲ್ ಎಂಬವನು 'ಜೆ. ಬಿ. ಎಲ್. ಕ್ಯಾಸ್ಕೇಡ್' ಎಂಬ ರಬ್ಬರಿನ ಎನಿಮಾ ಚೀಲವನ್ನು ಮಾರಿದನು. ಆ ಮೂರು ಅಕ್ಷರಗಳಿಗೆ ಆನಂದ, ಸೌಂದರ್ಯ, ಜೀವನ ಎಂಬ ಅರ್ಥವನ್ನು ಹೇಳಲಾಗುತ್ತಿತ್ತು. ಸಿದ್ಧಾಂತವು ಸರಕಾದುದಕ್ಕೆ ಇದೇ ಸಾಕ್ಷಿ.

ಅತ್ಯಂತ ದಾರುಣವಾದ ಪ್ರಕರಣವು ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ನಡೆಯಿತು. ಅಲ್ಲಿನ ಅಧೀಕ್ಷಕನಾದ ಹೆನ್ರಿ ಕಾಟನ್ (೧೮೭೬–೧೯೩೩) ರೋಗಿಗಳ ಕೈಕಾಲುಗಳಿಗೆ ಹಾಕಿದ್ದ ಕಟ್ಟುಗಳನ್ನು ಬಿಡಿಸಿದ ಸುಧಾರಕನೆಂದು ಮೊದಲು ಹೆಸರು ಪಡೆದವನು. ಬುದ್ಧಿಭ್ರಮಣೆಗೆ ದೇಹದಲ್ಲಿ ಅಡಗಿರುವ ಸೋಂಕಿನ ವಿಷವೇ ಕಾರಣವೆಂದು ನಂಬಿ, ಅವನು ರೋಗಿಗಳ ಹಲ್ಲುಗಳನ್ನೂ ಗಂಟಲಿನ ಗ್ರಂಥಿಗಳನ್ನೂ, ಕೊನೆಗೆ ದೊಡ್ಡ ಕರುಳನ್ನೂ ತೆಗೆಸಿದನು. ದೊಡ್ಡ ಕರುಳಿನ ಶಸ್ತ್ರಕ್ರಿಯೆಗೊಳಗಾದವರಲ್ಲಿ ನೂರಕ್ಕೆ ಸುಮಾರು ೩೦ ಮಂದಿ ಸತ್ತರೆಂದು ಅವನೇ ಬರೆದನು. ಗುಣವಾದವರು ಬಹುಮಂದಿಯೆಂದೂ ಅವನೇ ಹೇಳಿಕೊಂಡನು. ಜಾನ್ಸ್ ಹಾಪ್‌ಕಿನ್ಸಿನ ಅಡಾಲ್ಫ್ ಮೇಯರನು ಈ ಲೆಕ್ಕವನ್ನು ಪರೀಕ್ಷಿಸಲು ಫಿಲಿಸ್ ಗ್ರೀನೇಕರ್ ಎಂಬ ತರುಣ ವೈದ್ಯೆಯನ್ನು ೧೯೨೪ರಲ್ಲಿ ಕಳುಹಿಸಿದನು. ಆಕೆಯು ರೋಗಿಗಳ ದಾಖಲೆಗಳನ್ನು ಒಂದೊಂದಾಗಿ ಶೋಧಿಸಿ, ಗುಣವಾದವರೆಂಬ ಲೆಕ್ಕವು ನಿರಾಧಾರವೆಂದೂ, ಸಾವಿನ ಪ್ರಮಾಣವು ಹೇಳಿದ್ದಕ್ಕಿಂತ ಹೆಚ್ಚೆಂದೂ ಕಂಡಳು. ಆ ವರದಿಯು ಪ್ರಕಟವಾಗಲೇ ಇಲ್ಲ. ಆಂಡ್ರೂ ಸ್ಕಲ್ ೨೦೦೫ರಲ್ಲಿ ತಮ್ಮ ಗ್ರಂಥದ ಮೂಲಕ ಈ ಕಥೆಯನ್ನು ವಿಸ್ತಾರವಾಗಿ ಬೆಳಕಿಗೆ ತಂದರು. ದಾಖಲೆಗಳು ಇದ್ದವು, ಓದಿದವರೂ ಇದ್ದರು, ನುಡಿಯಬೇಕಾದವರು ನುಡಿಯಲಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಈ ಸಂಗತಿಯನ್ನು ಮರೆಯಬಾರದು.

೭

ಸ್ವವಿಷವಾದದ ಪತನವು ವಾದದಿಂದಾದುದಲ್ಲ, ಪ್ರಯೋಗದಿಂದಾದುದು. ಹಾರ್ವರ್ಡಿನ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ೧೮೯೬ರ ಕೊನೆಯಲ್ಲಿ, ಕ್ಷಕಿರಣಗಳ ಶೋಧವಾಗಿ ವರ್ಷವೊಂದಾಗಿರಲು, ಬಿಸ್ಮತ್ ಬೆರೆಸಿದ ಆಹಾರವನ್ನು ಪ್ರಾಣಿಗಳಿಗೆ ತಿನ್ನಿಸಿ ಅನ್ನಮಾರ್ಗದ ಚಲನೆಯನ್ನು ಕಣ್ಣಾರೆ ಕಂಡನು. ಲೇನನ ಆಸ್ಪತ್ರೆಯಲ್ಲಿಯೇ ವೈದ್ಯನಾಗಿದ್ದ ಆರ್ಥರ್ ಹರ್ಸ್ಟ್ ಇದೇ ಕ್ರಮವನ್ನು ಮನುಷ್ಯರಿಗೆ ಅನ್ವಯಿಸಿ ೧೯೦೯ರಲ್ಲಿ ಮಲಬದ್ಧತೆಯನ್ನು ಕುರಿತು ಗ್ರಂಥ ಬರೆದನು. ಕರುಳಿನ ಚಲನೆಯು ಆರೋಗ್ಯವಂತರಲ್ಲಿಯೂ ಒಬ್ಬರಿಂದೊಬ್ಬರಿಗೆ ಭಿನ್ನವೆಂದೂ, ಅನೇಕರಲ್ಲಿ ತೊಡಕಿರುವುದು ಕರುಳಿನ ಮುದುರುಗಳಲ್ಲಲ್ಲ, ವೇಗವನ್ನು ತಡೆಯುವ ಅಭ್ಯಾಸದಿಂದ ಜಡವಾದ ಗುದನಾಳದಲ್ಲಿಯೆಂದೂ ಅವನು ತೋರಿಸಿದನು.

ನಿರ್ಣಾಯಕವಾದ ಪೆಟ್ಟನ್ನು ಕೊಟ್ಟವನು ಅಮೆರಿಕೆಯ ವಾಲ್ಟರ್ ಆಲ್ವರೆಜ್. ೧೯೧೯ರ ಅವನ ಲೇಖನದ ತರ್ಕವು ಅತ್ಯಂತ ಸರಳವಾದುದು. ಮಲಬದ್ಧತೆಯಿಂದ ತಲೆಭಾರ, ಬೇಸರ, ಆಲಸ್ಯಗಳು ಬರುವುದು ನಿಜ. ಆದರೆ ಶೌಚವಾದ ಕೆಲವೇ ನಿಮಿಷಗಳಲ್ಲಿ ಅವು ಹೋಗುವುದೂ ನಿಜ. ರಕ್ತದಲ್ಲಿ ವಿಷವು ಸೇರಿದ್ದರೆ ಅದು ಇಳಿಯಲು ಗಂಟೆಗಳೇ ಬೇಕು. ಹೆಂಡ ಕುಡಿದವನ ಅಮಲು ಮಡಕೆಯನ್ನು ಎಸೆದ ಮಾತ್ರಕ್ಕೆ ಇಳಿಯುತ್ತದೆಯೆ? ಆದುದರಿಂದ ಈ ತೊಂದರೆಗಳ ಕಾರಣ ವಿಷವಲ್ಲ, ತುಂಬಿ ಹಿಗ್ಗಿದ ಗುದನಾಳವು ನರಗಳ ಮೇಲುಂಟುಮಾಡುವ ಪ್ರಭಾವ. ೧೯೨೨ರಲ್ಲಿ ಡೊನಾಲ್ಡ್‌ಸನ್ ಎಂಬ ವೈದ್ಯನು ಇದನ್ನು ಪ್ರಯೋಗದಿಂದ ಪರೀಕ್ಷಿಸಿದನು. ಆರೋಗ್ಯವಂತರಾದ ಕೆಲವರು ಸುಮಾರು ೯೦ ಗಂಟೆಗಳ ಕಾಲ ಶೌಚವನ್ನು ತಡೆದುಕೊಂಡಾಗ ಪೂರ್ವೋಕ್ತ ಲಕ್ಷಣಗಳೆಲ್ಲ ಕಾಣಿಸಿಕೊಂಡವು. ಅನಂತರ ಗುದನಾಳದಲ್ಲಿ ಬರಿಯ ಹತ್ತಿಯನ್ನು ತುಂಬಿದಾಗಲೂ ಅಂಥವೇ ಲಕ್ಷಣಗಳು ಕಂಡುಬಂದವು. ಹತ್ತಿಯಲ್ಲಿ ವಿಷವೆಲ್ಲಿಯದು? ಒಂದು ಹಿಡಿ ಹತ್ತಿಯು ಸುಮಾರು ಮೂವತ್ತೈದು ವರ್ಷಗಳ ಸಿದ್ಧಾಂತವನ್ನು ಉರುಳಿಸಿತೆಂದರೆ ಅತಿಶಯೋಕ್ತಿಯಾಗಲಾರದು.

೮

ಭಾರತಕ್ಕೆ ಈ ವಿಚಾರಧಾರೆಯು ಬಂದುದು ಮುಖ್ಯವಾಗಿ ಜರ್ಮನಿಯ ಪ್ರಕೃತಿಚಿಕಿತ್ಸೆಯ ಮೂಲಕ. ಲೈಪ್‌ಜಿಗ್ಗಿನ ಲೂಯಿ ಕೂನೆಯು ದೇಹದಲ್ಲಿ ಸಂಚಯವಾಗುವ ಅನ್ಯಪದಾರ್ಥವೇ ಸಕಲ ರೋಗಗಳ ಮೂಲವೆಂದು ಸಾರಿ ಕಟಿಸ್ನಾನವನ್ನು ಬೋಧಿಸಿದನು. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ಮಲಬದ್ಧತೆಯಿಂದಲೂ ತಲೆನೋವಿನಿಂದಲೂ ಬಳಲಿದುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬೆಳಗಿನ ತಿಂಡಿಯನ್ನು ಬಿಟ್ಟುದರಿಂದ ತಲೆನೋವು ಹೋಯಿತು, ಮಲಬದ್ಧತೆ ಹೋಗಲಿಲ್ಲ. ಕೂನೆಯ ಕಟಿಸ್ನಾನದಿಂದ ಕೊಂಚ ಉಪಶಮನವಾಯಿತು. ಅಡಾಲ್ಫ್ ಜುಸ್ಟನ ಗ್ರಂಥವನ್ನೋದಿ ಹೊಟ್ಟೆಯ ಮೇಲೆ ಒದ್ದೆಮಣ್ಣಿನ ಪಟ್ಟಿಯನ್ನು ಕಟ್ಟಿಕೊಂಡರು. ೧೯೪೬ರ ಮಾರ್ಚಿಯಲ್ಲಿ ಪುಣೆಯ ಸಮೀಪದ ಉರುಳಿ ಕಾಂಚನದಲ್ಲಿ ಬಡವರಿಗಾಗಿ ಪ್ರಕೃತಿಚಿಕಿತ್ಸೆಯ ಕೇಂದ್ರವನ್ನು ಆರಂಭಿಸಿದರು. ಅವರ ಆಸಕ್ತಿಯ ಬೇರು ವಿಷದ ಭಯಕ್ಕಿಂತ ಹೆಚ್ಚಾಗಿ ಮಿತಾಹಾರ ಮತ್ತು ಸ್ವಾವಲಂಬನೆಗಳಲ್ಲಿತ್ತೆಂಬುದನ್ನು ಅವರ ಬರಹಗಳನ್ನು ಓದಿದವರು ಬಲ್ಲರು.

ಇನ್ನೊಂದು ಧಾರೆಯು ನೀಲಗಿರಿಯಿಂದ ಹೊರಟಿತು. ಕೂನೂರಿನಲ್ಲಿ ಆಹಾರಸಂಶೋಧನೆ ನಡೆಸಿದ ರಾಬರ್ಟ್ ಮೆಕ್ಯಾರಿಸನ್, ವಾಯವ್ಯ ಗಡಿಯ ಹುಂಜಾ ಜನರ ಆರೋಗ್ಯವನ್ನು ಕಂಡು, ಕರುಳಿನ ವ್ಯಾಧಿಗಳಿಗೆ ದೋಷಯುಕ್ತವಾದ ಆಹಾರವೇ ಕಾರಣವೆಂದು ೧೯೨೧ರಲ್ಲಿ ಅಮೆರಿಕೆಯ ಪಿಟ್ಸ್‌ಬರ್ಗಿನಲ್ಲಿತ್ತ ಉಪನ್ಯಾಸದಲ್ಲಿ ಹೇಳಿದನು. ಕರುಳನ್ನು ಕತ್ತರಿಸುವ ಬದಲು ಊಟವನ್ನು ತಿದ್ದಬೇಕೆಂಬ ಈ ಮಾರ್ಗವು ಮುಂದೆ ಫಲಿಸಿತು. ಡೆನಿಸ್ ಬರ್ಕಿಟ್ ಮತ್ತು ಅವನ ಸಹೋದ್ಯೋಗಿಗಳು ೧೯೭೨ರಲ್ಲಿ, ನಾರಿನಂಶ ಹೆಚ್ಚಾದ ಆಹಾರವನ್ನುಣ್ಣುವ ಆಫ್ರಿಕದ ಹಳ್ಳಿಗರಲ್ಲಿ ಮಲದ ಪ್ರಮಾಣ ಹೆಚ್ಚೆಂದೂ ಅದು ಹೊರಬರುವ ಕಾಲ ಕಡಮೆಯೆಂದೂ ಅಳತೆಮಾಡಿ ತೋರಿಸಿದರು. ಜಾಗತಿಕ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ, ವಯಸ್ಕರು ದಿನಕ್ಕೆ ೪೦೦ ಗ್ರಾಂ ಹಣ್ಣು ತರಕಾರಿಗಳನ್ನೂ, ಆಹಾರದಲ್ಲಿ ಸಹಜವಾಗಿರುವ ನಾರನ್ನು ೨೫ ಗ್ರಾಮಿಗೆ ಕಡಮೆಯಿಲ್ಲದಂತೆಯೂ ಸೇವಿಸಬೇಕೆಂದು ಸೂಚಿಸಿತು. ರಾಗಿ, ಹುರುಳಿ, ಸೊಪ್ಪುಗಳ ಊಟವು ಈ ಸೂಚನೆಗೆ ದೂರವಾದುದಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಮ್ಮ ಗಾದೆಯು ಕರುಳನ್ನು ತೊಳೆಯಬೇಕೆಂದು ಹೇಳುವುದಿಲ್ಲ, ಊಟವನ್ನು ಬಲ್ಲವರಾಗಬೇಕೆಂದು ಹೇಳುತ್ತದೆ. ಮಕ್ಕಳಿಗೆ ಆಗಾಗ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುತ್ತಿದ್ದ ನಮ್ಮ ಹಿರಿಯರು ಆ ಗಾದೆಯನ್ನು ಇನ್ನಷ್ಟು ನೆಚ್ಚಬಹುದಾಗಿತ್ತೆಂದು ನಮಗೆ ತೋರುತ್ತದೆ.

೯

ಪ್ರಾಮಾಣಿಕತೆಯ ದೃಷ್ಟಿಯಿಂದ ಪ್ರತಿಪಕ್ಷದ ಸತ್ಯವನ್ನೂ ಇಲ್ಲಿ ಹೇಳತಕ್ಕದ್ದು. ಸ್ವವಿಷವಾದವು ಸರ್ವಾಂಶದಲ್ಲಿಯೂ ಸುಳ್ಳಲ್ಲ. ಯಕೃತ್ತು ತೀವ್ರವಾಗಿ ಕೆಟ್ಟವರಲ್ಲಿ ಕರುಳಿನಿಂದ ಬರುವ ಅಮೋನಿಯ ಮೊದಲಾದ ಪದಾರ್ಥಗಳು ಮಿದುಳನ್ನು ಬಾಧಿಸಿ ಪ್ರಜ್ಞೆ ತಪ್ಪಿಸುವುದುಂಟು. ಅಂಥವರಿಗೆ ಕರುಳನ್ನು ಖಾಲಿಮಾಡಿಸುವುದು ನಿಜವಾದ ಚಿಕಿತ್ಸೆ. ಲ್ಯಾಕ್ಟುಲೋಸ್ ಎಂಬ ಔಷಧವು ೧೯೬೬ರಿಂದ ಇದಕ್ಕೆ ಬಳಕೆಯಲ್ಲಿದೆ. ಕರುಳಿನ ಒಳಭಾಗವನ್ನು ದರ್ಶಕಯಂತ್ರದಿಂದ ಪರೀಕ್ಷಿಸುವ ಮುಂಚೆಯೂ ಶೋಧನೆ ಅಗತ್ಯ. ಆದರೆ ಈ ವಿಶೇಷಸಂದರ್ಭಗಳೇ ಸಾಮಾನ್ಯನಿಯಮವನ್ನು ಸಮರ್ಥಿಸುತ್ತವೆ: ಯಕೃತ್ತು ಆರೋಗ್ಯವಾಗಿರುವವರೆಗೆ ಆ ವಿಷಗಳನ್ನು ಅದೇ ನಿವಾರಿಸುತ್ತದೆ. ಬುಷಾರನು ಬರೆದು ಅನುಯಾಯಿಗಳು ಮರೆತ ಮಾತು ಇದೇ.

ದೊಡ್ಡ ಕರುಳು ಚರಂಡಿಯಲ್ಲವೆಂಬುದೂ ಈಗ ತಿಳಿದಿದೆ. ಅದು ನೀರನ್ನೂ ಲವಣಗಳನ್ನೂ ಹೀರಿಕೊಳ್ಳುತ್ತದೆ. ಅದರ ಒಳಪೊರೆಯ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸತಾಗುವುದರಿಂದ ವರ್ಷಗಳ ಹಳೆಯ ಮಲವು ಅಲ್ಲಿ ಅಂಟಿಕೊಂಡಿರುತ್ತದೆಂಬ ಮಾತಿಗೆ ಆಧಾರವಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಉತ್ಪಾದಿಸುವ ಆಮ್ಲಗಳೇ ಆ ಜೀವಕೋಶಗಳಿಗೆ ಆಹಾರ. ಮೆಚ್ನಿಕಾಫನು ಶತ್ರುಗಳೆಂದು ಬಗೆದವರಲ್ಲಿ ಅನೇಕರು ಮಿತ್ರರೇ ಆಗಿದ್ದರು.

ಇಷ್ಟಾದರೂ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯಂತ್ರಗಳಿಂದ ಕರುಳನ್ನು ತೊಳೆಯುವ ಪದ್ಧತಿಯು ಮರುಹುಟ್ಟು ಪಡೆಯಿತು. ಅಮೆರಿಕೆಯ ಕೊಲರಾಡೊ ಸಂಸ್ಥಾನದ ಚಿಕಿತ್ಸಾಲಯವೊಂದರಲ್ಲಿ ೧೯೭೮ರಿಂದ ೧೯೮೦ರವರೆಗೆ ಇಂತಹ ಯಂತ್ರದ ಮೂಲಕ ಅಮೀಬಾ ಸೋಂಕು ಹರಡಿ ೩೬ ಮಂದಿ ರೋಗಿಗಳಾದರು. ೧೦ ಮಂದಿಯ ದೊಡ್ಡ ಕರುಳನ್ನು ತೆಗೆಯಬೇಕಾಯಿತು. ೬ ಮಂದಿ ಸತ್ತರು. ರೋಗವನ್ನು ತೊಳೆಯಲೆಂದು ತಂದ ಯಂತ್ರವೇ ರೋಗವನ್ನು ತುಂಬಿತು.

೧೦

ಇಷ್ಟು ವಿದ್ವಾಂಸರು ಇಷ್ಟು ಕಾಲ ಏಕೆ ನಂಬಿದರು? ನಮ್ಮ ಅಭಿಪ್ರಾಯದಲ್ಲಿ ಕಾರಣಗಳು ಮೂರು. ಮೊದಲನೆಯದು, ಸೂಕ್ಷ್ಮಜೀವಿಶಾಸ್ತ್ರದ ನಿಜವಾದ ವಿಜಯವು ಅದರ ನೆರಳಿನಲ್ಲಿ ಬಂದ ಊಹೆಗೂ ಗೌರವ ತಂದಿತು. ಎರಡನೆಯದು, ಶೌಚಾನಂತರದ ಹಗುರವು 'ವಿಷ ಹೋಯಿತು' ಎಂಬುದಕ್ಕೆ ಪ್ರತಿದಿನದ ಪ್ರಮಾಣವಾಗಿ ಕಂಡಿತು. ಅನುಭವ ನಿಜವಾಗಿದ್ದಿತು, ವಿವರಣೆ ಮಾತ್ರ ತಪ್ಪಾಗಿದ್ದಿತು. ಮೂರನೆಯದು, ಶುಚಿತ್ವವನ್ನು ಪುಣ್ಯವೆಂದೂ ಮಲವನ್ನು ಪಾಪವೆಂದೂ ಬಗೆಯುವ ಮನಸ್ಸು ಎಲ್ಲ ದೇಶಗಳಲ್ಲಿಯೂ ಇರುವುದು. ಮಡಿಮೈಲಿಗೆಗಳ ನಾಡಿನವರಾದ ನಾವು ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ.

ಲೇನನೂ ಕೆಲಾಗನೂ ಒಂದೇ ವರ್ಷದಲ್ಲಿ, ೧೯೪೩ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಕಾಲವಾದರು. ಅವರು ವಂಚಕರಾಗಿರಲಿಲ್ಲ, ಹೇಳಿದ್ದನ್ನು ನಂಬಿದವರೇ ಆಗಿದ್ದರು. ಆದುದರಿಂದಲೇ ಅವರ ಕಥೆಯು ಎಚ್ಚರಿಕೆಯ ಕಥೆ. ಪ್ರಾಮಾಣಿಕತೆಯೊಂದೇ ಪ್ರಮಾಣವಲ್ಲ. ಎಲ್ಲ ರೋಗಗಳಿಗೂ ಒಂದೇ ಕಾರಣವನ್ನು ಹೇಳುವ ಸಿದ್ಧಾಂತವನ್ನು, ಎಲ್ಲ ಘಟನೆಗಳಿಗೂ ಒಂದೇ ಕಾರಣವನ್ನು ಹೇಳುವ ಇತಿಹಾಸವನ್ನು ಸಂಶಯಿಸುವಂತೆಯೇ ಸಂಶಯಿಸಬೇಕು. ದೊಡ್ಡ ಹೆಸರುಗಳು ಒಂದು ಕಡೆಗೂ ಹಿಡಿ ಹತ್ತಿಯು ಇನ್ನೊಂದು ಕಡೆಗೂ ನಿಂತಾಗ ಹತ್ತಿಯ ಮಾತನ್ನು ಕೇಳುವ ಧೈರ್ಯವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. ಗ್ರೀನೇಕರಳ ವರದಿಯಂತೆ ಬೀರುವಿನಲ್ಲಿ ಮುಚ್ಚಿಟ್ಟ ಕಾಗದಗಳನ್ನು ತೆರೆದು ಓದುವ ಕೆಲಸವಂತೂ ಇತಿಹಾಸಕಾರನ ಪಾಲಿಗೆ ಯಾವಾಗಲೂ ಉಳಿದೇ ಇರುತ್ತದೆ.